ಚಿಮಣಿ ನೆರಳಿನ ಸಂತೆ

ನಮ್ಮೂರಿನಲ್ಲಿ ಕಟ್ಟಡ ಬಿದ್ದರೆ ಕಲ್ಲು ಮಣ್ಣು ಹೋಗುತ್ತದೆ, ನೆರಳು ಉಳಿಯುತ್ತದೆ. ಗೋಡೆ ಇದ್ದಾಗ ಎಲ್ಲಿ ಬೀಳುತ್ತಿತ್ತೋ ಅಲ್ಲೇ, ಹೊತ್ತಿಗೆ ತಕ್ಕ ಹಾಗೆ ಉದ್ದವಾಗುತ್ತ, ಗಿಡ್ಡವಾಗುತ್ತ, ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಸರಿಯುತ್ತ ಇರುತ್ತದೆ. ಜಾಗ ಮಾರುವವರು ಪತ್ರದಲ್ಲಿ ‘ನೆರಳು ಸಮೇತ’ ಎಂದು ಬರೆಸುತ್ತಾರೆ. ಹೆಣ್ಣು ನೋಡಲು ಬಂದವರು ಮನೆ ಎಷ್ಟು ದೊಡ್ಡದು ಎಂದು ಕೇಳಿದ ಮೇಲೆ ಹಿತ್ತಲಲ್ಲಿ ಹಳೇ ನೆರಳು ಏನಾದರೂ ಇದೆಯೇ ಎಂದೂ ಕೇಳುತ್ತಾರೆ. ಹಪ್ಪಳ ಒಣಗಿಸುವ ಹೆಂಗಸರು ಮಾತ್ರ ಬಿಸಿಲು ಹುಡುಕಿಕೊಂಡು ಊರೆಲ್ಲ ಅಲೆಯುತ್ತ, ಎಂದೋ ಸತ್ತುಹೋದ ಮನೆಮಾಲೀಕರನ್ನೆಲ್ಲ ಬೈಯುತ್ತಿರುತ್ತಾರೆ. ಹಳೇ ನೆರಳು ಬೇಡವೆನ್ನುವವರಿಗೆ ದಾರಿ ಒಂದೇ. ಕಟ್ಟಡ ನಿಂತಿದ್ದ ಜಾಗದಲ್ಲಿ ಬೇರೆ ಏನಾದರೂ ಎಬ್ಬಿಸಬೇಕು. ಬಂಗಲೆಯೇ ಆಗಬೇಕೆಂದಿಲ್ಲ, ನಾಲ್ಕು ಗಳ ನೆಟ್ಟು ತಗಡು ಹೊದಿಸಿದರೂ ಆಯಿತು, ಹಳೇ ನೆರಳು ಎದ್ದು ಹೋಗುತ್ತದೆ. ಅದನ್ನು ಕಿತ್ತರೆ ಮರಳಿ ಬಂದು ತನ್ನ ಜಾಗದಲ್ಲಿ ಬೀಳುತ್ತದೆ. ಬಿಸಿಲು ಬೀಳುವ ಊರು ನಮ್ಮದು, ಸುಮ್ಮನೆ ಬೀಳುವುದಲ್ಲ, ಮೈಮೇಲೆ ಬೀಳುತ್ತದೆ. ಆದ್ದರಿಂದ ಇಲ್ಲಿ ಖಾಲಿ ಜಾಗ ಎಂದರೆ ಯಾರೂ ಹಗುರವಾಗಿ ಮಾತಾಡುವುದಿಲ್ಲ.

ಕೆಲವು ವರ್ಷಗಳ ಹಿಂದೆ ಸರ್ಕಾರಕ್ಕೂ ನಮ್ಮ ನೆರಳುಗಳ ಮೇಲೆ ಪ್ರೀತಿ ಉಕ್ಕಿತು. ‘ಪಾರಂಪರಿಕ ನೆರಳು ಸಂರಕ್ಷಣೆ ಮತ್ತು ನಗರಾಭಿವೃದ್ಧಿ ಯೋಜನೆ’ ಎಂಬ ಉದ್ದ ಹೆಸರಿನ ಯೋಜನೆ ಬಂತು. ಮೊದಲು ಒಂದು ಸಮಿತಿ ಬಂದು ಊರಿನ ನೆರಳುಗಳನ್ನೆಲ್ಲ ನೋಡಿ ದರ್ಜೆ ಕೊಡುವುದು; ಒಳ್ಳೆ ದರ್ಜೆ ಸಿಕ್ಕ ನೆರಳನ್ನು ಕಾಪಾಡುವುದು; ದರ್ಜೆ ಸಿಗದ ನೆರಳಿನ ಜಾಗವನ್ನು ಅಭಿವೃದ್ಧಿಗೆ ಬಿಟ್ಟುಕೊಡುವುದು. ಓದಿದರೆ ತಪ್ಪು ಹುಡುಕುವ ಹಾಗಿಲ್ಲ. ಸಮಿತಿಯವರು ಬಂದರು, ಪ್ರವಾಸಿ ಮಂದಿರದಲ್ಲಿ ಉಪ್ಪಿಟ್ಟು ಶಿರಾ ತಿಂದರು, ಚಹಾ ಕುಡಿದರು, ಹಾರ ಹಾಕಿಸಿಕೊಂಡರು, ಭಾಷಣ ಕೇಳಿದರು. ಅಷ್ಟೆಲ್ಲ ಮುಗಿಸಿ ನೆರಳು ನೋಡಲು ಹೊರಟಾಗ ಹೊತ್ತು ನೆತ್ತಿಗೆ ಬಂದಿತ್ತು. ನೆತ್ತಿಯ ಬಿಸಿಲಲ್ಲಿ ಯಾವ ನೆರಳು ಚೆನ್ನಾಗಿ ಕಾಣುತ್ತದೆ? ಅಗಲ ಚಾವಣಿಯದು. ಜಮೀನ್ದಾರರ ದೊಡ್ಡ ಮನೆಯಾಗಿದ್ದ ಹಳೇ ವಾಡೆಯ ನೆರಳಿಗೆ ಮೊದಲ ದರ್ಜೆ ಸಿಕ್ಕಿತು, ಧಾನ್ಯದ ಉಗ್ರಾಣದ ನೆರಳಿಗೂ ಸಿಕ್ಕಿತು. ಎತ್ತರವಾಗಿ ಸಪೂರವಾಗಿ ನಿಂತಿದ್ದ ಕಟ್ಟಡಗಳ ನೆರಳು ಅಷ್ಟು ಹೊತ್ತಿಗೆ ತಮ್ಮ ಬುಡದಲ್ಲೇ ಮುದುಡಿ ಕೂತಿದ್ದವು. ಅವನ್ನು ನೋಡಿ ಸಮಿತಿಯವರು ಗಾಡಿಯಿಂದ ಇಳಿಯಲೂ ಇಲ್ಲ.

ಯೋಜನೆಯಿಂದ ಏನೂ ಆಗಲಿಲ್ಲ ಎಂದು ಹೇಳಿದರೆ ನನ್ನ ನಾಲಿಗೆ ಸೇದಿಹೋಗಲಿ. ನಾನೇ ಪುರಸಭೆಯ ಯೋಜನಾ ಶಾಖೆಯಲ್ಲಿ ಕೂತವಳು, ಹೆಸರು ನೀಲಾಂಬಿಕಾ. ಉಗ್ರಾಣದ ನೆರಳಿನಲ್ಲಿ ಅಂಗನವಾಡಿ ನಡೆಯುತ್ತಿತ್ತು. ಯಾರೋ ಅಲ್ಲಿ ಕಲ್ಯಾಣಮಂಟಪ ಎಬ್ಬಿಸಲು ಹೊರಟಿದ್ದರು, ಯೋಜನೆ ಬಂದದ್ದರಿಂದ ಅದು ನಿಂತಿತು, ಮಕ್ಕಳು ಉಳಿದರು. ವಾಡೆಯ ನೆರಳಿಗೆ ಕಬ್ಬಿಣದ ಕಟಾಂಜನ ಹಾಕಿದರು. ನೆರಳು ಸರಿಯುತ್ತದೆ, ಕಟಾಂಜನ ಸರಿಯುವುದಿಲ್ಲ; ಅದಕ್ಕೆ ಚಕ್ರ ಹಚ್ಚಿ ತಳ್ಳಲು ಜನರನ್ನು ಇಟ್ಟರು. ಅಷ್ಟು ಮನೆಗಳ ಒಲೆ ಉರಿಯಿತು. ಪರಊರಿನವರು ಬಂದು ಕಟಾಂಜನದ ಆಚೆ ಬಿಸಿಲಲ್ಲಿ ನಿಂತು, ಈಚೆಯ ನೆರಳಿನ ಫೋಟೋ ತೆಗೆದುಕೊಂಡು, ಬೆವರು ಒರೆಸಿಕೊಂಡು ಹೋಗುತ್ತಾರೆ. ಒಳಗೆ ಕೂತು ಚೌಕಾಬಾರ ಆಡುತ್ತಿದ್ದ ಮುದುಕರು ಈಗ ಬಸ್‌ ನಿಲ್ದಾಣದ ನಲ್ಲಿಯ ಹತ್ತಿರ ಆಡುತ್ತಾರೆ. ಇದೆಲ್ಲ ಯೋಜನೆಯ ಲೆಕ್ಕದಲ್ಲಿ ಲಾಭವೇ.

ದರ್ಜೆ ಸಿಗದವುಗಳಲ್ಲಿ ಒಂದು, ಅರಳೆ ಗಿರಣಿಯ ಚಿಮಣಿ. ಗಿರಣಿಯ ಹೊಗೆ ಹೋಗಲೆಂದು ಇಟ್ಟಿಗೆಯಲ್ಲಿ ಕಟ್ಟಿದ್ದ ಆ ಎತ್ತರದ ಕಂಬ ನಮ್ಮತ್ತೆ ಸಿದ್ಲಿಂಗವ್ವ ಲಂಗ ಉಡುತ್ತಿದ್ದ ಕಾಲಕ್ಕೇ ಬಿದ್ದಿತ್ತು. ಅದರ ನೆರಳು ಒಂದು ಎತ್ತಿನ ಗಾಡಿಯಷ್ಟು ಅಗಲ. ಉದ್ದ ಮಾತ್ರ ಕೇಳಬೇಡಿ. ಹೊತ್ತು ಹುಟ್ಟಿದಾಗ ಪಡುವಣ ದಿಕ್ಕಿನ ಕಡೆಯ ಓಣಿಯವರೆಗೆ ಚಾಚಿರುತ್ತದೆ. ಹೊತ್ತು ಏರಿದಂತೆ ಒಂದೊಂದೇ ಓಣಿ ಬಿಟ್ಟು ಹಿಂದೆ ಸರಿದು, ನಡುಹಗಲಿಗೆ ಬುಡಕ್ಕೆ ಬಂದು, ಮತ್ತೆ ಮೂಡಲ ದಿಕ್ಕಿಗೆ ಚಾಚುತ್ತ, ಸಂಜೆಗೆ ಆ ತುದಿಯ ಕಂಬಳಿ ಓಣಿ ಮುಟ್ಟುತ್ತದೆ. ಆ ನೆರಳಿನಲ್ಲಿ ನಮ್ಮೂರಿನ ಸಂತೆ ದಿನಾ ಕೂಡುತ್ತದೆ. ಕೂಡುತ್ತದೆ ಎಂದರೆ ತಪ್ಪು, ನಡೆಯುತ್ತದೆ. ಹಸಿ ಸೊಪ್ಪಿನ ಪಲ್ಯ, ಬಳೆ, ಬೆಲ್ಲ, ಮಡಕೆ, ಕರಿಬೇವು, ಎಲ್ಲ ಒಂದೇ ಸಾಲಿನಲ್ಲಿ ನೆರಳಿನ ಉದ್ದಕ್ಕೂ ಕೂತಿರುತ್ತವೆ. ನೆರಳು ಸರಿದರೆ ಬುಟ್ಟಿ ಎತ್ತಿಕೊಂಡು ಸಾಲೂ ಸರಿಯುತ್ತದೆ. ಯಾವ ಓಣಿಗೆ ಯಾವ ಹೊತ್ತಿಗೆ ಪಲ್ಯ ಬರುತ್ತದೆ ಎಂಬುದು ಆ ಓಣಿಯ ಹೆಂಗಸರಿಗೆ ಗೊತ್ತು; ಒಲೆಯ ಮೇಲೆ ಎಸರಿಟ್ಟು ಬಾಗಿಲಿಗೆ ಬರುತ್ತಾರೆ. ಸುತ್ತಲ ಹಳ್ಳಿಗಳ ಗಾಡಿಗಳೂ ಅದೇ ಲೆಕ್ಕಕ್ಕೆ ಬರುತ್ತವೆ. ಬದನೆ ಬೆಳೆಯುವ ಹಳ್ಳಿಯವರು ಪಡುವಣದಿಂದ ಬೆಳಿಗ್ಗೆ, ಮೆಣಸಿನಕಾಯಿಯವರು ಮೂಡಲಿಂದ ಮಧ್ಯಾಹ್ನ ಮೇಲೆ. ಎರಡು ಕಡೆಯ ಹಳ್ಳಿಗಳೂ ಬದುಕಿರುವುದು ಈ ಸರಿದಾಟದಿಂದ.

ನಮ್ಮತ್ತೆ ಸಾಲಿನಲ್ಲಿ ಬುಡದ ಕಡೆಗೆ ಕೂತು ಪುಂಡಿಪಲ್ಯ, ರಾಜಗಿರಿ, ಮೆಂತ್ಯ ಮಾರುತ್ತಾಳೆ. ವಯಸ್ಸಾದವರಿಗೆ ಬುಡದ ಹತ್ತಿರ ಜಾಗ ಬಿಡುವುದು ವಾಡಿಕೆ, ಏಕೆಂದರೆ ಅಲ್ಲಿ ಹೆಚ್ಚು ಸರಿದಾಡಬೇಕಿಲ್ಲ. ತುದಿಯವರಿಗೆ ಓಡಾಟ ಜಾಸ್ತಿ. ತುದಿಯಲ್ಲಿ ಕೂತಿರುವವಳು ಬಳೆ ಮಾರುವ ಮೆಹಬೂಬಿ. ನಮ್ಮತ್ತೆಯ ಓರಗೆಯವಳು, ಮೊಣಕಾಲು ನೋವಿನವಳು, ಆದರೂ ತುದಿ ಬಿಟ್ಟು ಬರುವುದಿಲ್ಲ.

‘ಬುಡಕ್ಕ ಬಾ ಅಂದ್ರ ಬರೂದಿಲ್ಲ. ತುದಿಯೊಳಗ ಏನ ಬಂಗಾರ ಉದರತೈತೇನ ನಿನಗ?’ ಎಂದು ನಮ್ಮತ್ತೆ ದಿನಾ ರೇಗಿಸುತ್ತಾಳೆ.

‘ನಿನ್ನ ಪಲ್ಯ ಬೇಕಾದ್ರ ಹುಡುಕ್ಕೊಂಡ ಬರತಾರ. ಬಳಿ ಬೇಕಾದಾಕಿ ಬಾಗಲದಾಗ ನಿಂತಿರತಾಳವ್ವ’ ಎನ್ನುತ್ತಾಳೆ ಮೆಹಬೂಬಿ.

ಆ ಚಿಮಣಿ ನಿಂತಿದ್ದ ಜಾಗಕ್ಕೆ ದರ್ಜೆ ಇಲ್ಲವಲ್ಲ, ಅಲ್ಲಿ ನಾಲ್ಕಂತಸ್ತಿನ ವಾಣಿಜ್ಯ ಸಂಕೀರ್ಣ ಎಬ್ಬಿಸುವುದೆಂದು ನಿರ್ಧಾರವಾಯಿತು. ಸಂತೆಯವರಿಗೆಲ್ಲ ಒಳಗೆ ಮಳಿಗೆ ಕೊಡುತ್ತಾರಂತೆ, ಮೇಲೆ ಚಾವಣಿ, ತಿರುಗುವ ಫ್ಯಾನು. ಉಳಿದದ್ದು ಒಂದೇ ಹೆಜ್ಜೆ. ಯೋಜನೆ ಫಲ ಕೊಟ್ಟಿದೆಯೇ ಎಂದು ಹೊರಗಿನ ತಜ್ಞರೊಬ್ಬರು ಮೌಲ್ಯಮಾಪನ ಮಾಡಿ ವರದಿ ಕೊಡಬೇಕು. ಕೊಟ್ಟರೆ ಗುದ್ದಲಿ ಪೂಜೆ. ಮಳಿಗೆಯ ಮಾತು ಕೇಳಿ ಮೆಹಬೂಬಿ ಮೊಣಕಾಲು ಒತ್ತಿಕೊಳ್ಳುತ್ತ ‘ಬರಲಿ ಬಿಡ’ ಎಂದಳು. ನಮ್ಮತ್ತೆ ಮಾತ್ರ ಅನ್ನ ಬಿಟ್ಟವರ ಹಾಗೆ ಕೂತುಬಿಟ್ಟಳು.

‘ನೀಲವ್ವ, ನಿಮ್ಮ ಆಫೀಸ್ನವರು ನನ್ನನ್ನ ಗೂಡಿನಾಗ ಕುಂದ್ರಸ್ತಾರಂತಲ್ಲ. ಮೂವತ್ತ ಮನಿ ಬಾಗಲದ ಮುಂದ ಕುಂತ ಮಾರಿದಾಕಿ ನಾನು. ಗೂಡಿನಾಗ ಯಾರ ಬರತಾರ?’

‘ಬರತಾರ ಅಂತ ಸಾಹೇಬ್ರು ಹೇಳ್ಯಾರತ್ತಿ.’

‘ನಿಮ್ಮ ಸಾಹೇಬ್ರು ಯಾವಾಗರ ಪಲ್ಯ ತಂದಾರೇನ?’

ಆ ಸಾಲು ಹೋದರೆ ನಮ್ಮತ್ತೆ ಉಳಿಯುವುದಿಲ್ಲ ಎಂದು ನನಗೆ ಅವತ್ತೇ ಗೊತ್ತಾಯಿತು. ಸಾಯುತ್ತಾಳೆ ಎಂದಲ್ಲ, ಗಟ್ಟಿ ಹೆಂಗಸು. ಬಾಯಿ ಮುಚ್ಚಿಕೊಂಡು ಮೂಲೆಯಲ್ಲಿ ಕೂತುಬಿಡುತ್ತಾಳೆ. ಅದು ನನಗೆ ಬೇಡವಾಗಿತ್ತು.

ತಜ್ಞರ ಹೆಸರು ವಿಜಯಸಾರಥಿ. ತಲೆಗೆ ಬಟ್ಟೆಯ ಟೊಪ್ಪಿಗೆ, ಹೆಗಲಿಗೆ ನೀರಿನ ಬಾಟಲಿ, ಮಾತು ಕಡಿಮೆ. ಅವರಿಗೆ ಊರು ತೋರಿಸುವ ಕೆಲಸ ನನಗೆ ಬಂತು. ಮುಖ್ಯಾಧಿಕಾರಿ ಕಲ್ಮಠ ಸಾಹೇಬರು ನನ್ನನ್ನು ಚೇಂಬರಿಗೆ ಕರೆಸಿ ಬುದ್ಧಿ ಹೇಳಿದರು. ಅವರು ಕೆಟ್ಟವರಲ್ಲ, ಊರಿಗೆ ಏನಾದರೊಂದು ದೊಡ್ಡದು ಮಾಡಿ ಹೋಗಬೇಕೆಂಬ ಹುಚ್ಚು ಅಷ್ಟೆ.

‘ನೋಡವ್ವ, ಮುಂಜಾನೆ ಉಗ್ರಾಣ, ಆಮ್ಯಾಲ ವಾಡೆ. ಚಿಮಣಿ ಕಡೆ ನಡಮಧ್ಯಾಹ್ನ ಕರಕೊಂಡ ಹೋಗು. ಸಮಿತಿ ನೋಡಿದ್ದ ಹೊತ್ತಿಗೇ ಇವರೂ ನೋಡಲಿ. ಎರಡೂ ತಾಳೆ ಆಗಬೇಕಲ್ಲ?’

‘ಆಗ್ಲಿ ಸರ್’ ಎಂದೆ. ಹೇಳಿದ ಹಾಗೇ ಕರೆದುಕೊಂಡು ಹೋದೆ ಕೂಡ.

ನಡುಹಗಲಿನಲ್ಲಿ ಚಿಮಣಿಯ ನೆರಳು ಒಂದು ಕಂಬಳಿ ಹಾಸಿದಷ್ಟು ಇರುತ್ತದೆ. ಇಡೀ ಸಾಲು ಅಷ್ಟರೊಳಗೆ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕೂರುತ್ತದೆ. ಆಗ ವ್ಯಾಪಾರ ಇಲ್ಲ, ಜಗಳ ಇಲ್ಲ, ಯಾವ ಕೆಲಸವೂ ಇಲ್ಲ. ಬುತ್ತಿ ಬಿಚ್ಚುವುದು, ಪಕ್ಕದವರ ಬುತ್ತಿಯಿಂದ ಒಂದು ತುತ್ತು ತಿನ್ನುವುದು. ಬೇಡವೆಂದರೆ ಮರುದಿನ ಸಾಲಿನಲ್ಲಿ ಜಾಗವಿಲ್ಲ. ವಿಜಯಸಾರಥಿಯವರು ಬಿಸಿಲಲ್ಲಿ ನಿಂತು ನೋಡುತ್ತಿದ್ದರು. ನಮ್ಮತ್ತೆ ಸರಿದು ಗೇಣು ಜಾಗ ಮಾಡಿ, ರೊಟ್ಟಿಯ ಮೇಲೆ ಪುಂಡಿಪಲ್ಯ ಇಟ್ಟು ಕೈಗೆ ಕೊಟ್ಟಳು. ಅವರು ತಿಂದರು, ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಇನ್ನೊಂದು ತುತ್ತು ಕೇಳಿದರು.

‘ಇಷ್ಟು ಪುಟ್ಟ ನೆರಳಿಗೆ ಯಾಕೆ ದರ್ಜೆ ಸಿಕ್ಕಿಲ್ಲ ಅಂತ ಈಗ ಅರ್ಥ ಆಯ್ತು’ ಎಂದರು ನನ್ನ ಕಡೆ ತಿರುಗಿ. ‘ಊಟಕ್ಕೆ ಬಿಟ್ಟು ಬೇರೆ ಏನಕ್ಕೂ ಸಾಲದು.’

ನನಗೆ ತಡೆಯಲಾಗಲಿಲ್ಲ. ‘ಸರ್, ನೀವು ನೋಡಾಕತ್ತಿದ್ದು ನೆರಳಲ್ಲ, ನೆರಳು ಉಣ್ಣಾಕ ಕುಂತ ಹೊತ್ತು. ಅದರ ಕೆಲಸ ನೋಡಬೇಕಂದ್ರ ನಾಳೆ ಹೊತ್ತು ಹುಟ್ಟೂಕಿಂತ ಮೊದಲ ಬರ್ರಿ.’

ಅವರು ರೊಟ್ಟಿ ಮುಗಿಸಿ ಕೈ ಒರೆಸಿಕೊಂಡರು. ‘ಮೊದಲ ಸಮಿತಿ ಯಾವ ಹೊತ್ತಿಗೆ ಬಂದಿತ್ತು?’

‘ಇದೇ ಹೊತ್ತಿಗೆ ಸರ್.’

ಮರುದಿನ ನಸುಕಿನಲ್ಲೇ ಬಂದರು. ಆಮೇಲೆ ದಿನಾ ಬಂದರು. ಸಾಲಿನ ಜೊತೆಗೆ ಓಣಿಯಿಂದ ಓಣಿಗೆ ನಡೆದರು, ಗಾಡಿಯವರನ್ನು ಮಾತಾಡಿಸಿದರು, ಒಂದು ದಿನ ಮೆಹಬೂಬಿಯ ಬಳೆ ಪೆಟ್ಟಿಗೆಯನ್ನೂ ಹೊತ್ತರು. ಕಲ್ಮಠ ಸಾಹೇಬರು ನನ್ನ ಮೇಲೆ ಕಣ್ಣು ಕೆಂಪು ಮಾಡಿದರು, ನಾನು ಕಾಣದವರ ಹಾಗೆ ಇದ್ದೆ. ವಾರ ಕಳೆಯುವಷ್ಟರಲ್ಲಿ ಇವರು ನಮ್ಮವರೇ ಆದರು ಎಂದು ನಾನು ಅಂದುಕೊಂಡೆ. ಆದರೆ ಆ ಮನುಷ್ಯ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

‘ನೋಡಿ ನೀಲಾಂಬಿಕಾ, ಚೆನ್ನಾಗಿದೆ ಅನ್ನೋದು ಮೌಲ್ಯಮಾಪನ ಅಲ್ಲ’ ಎಂದರು. ‘ಈ ನೆರಳು ಇಲ್ಲದೆ ಹೋದರೆ ಇವರಿಗೆ, ಈ ಓಣಿಗಳಿಗೆ, ಆ ಹಳ್ಳಿಗಳಿಗೆ ನಿಜವಾಗಿ ಏನಾಗುತ್ತೆ? ಮಳಿಗೆಯಲ್ಲಿ ಇನ್ನೂ ಚೆನ್ನಾಗಿ ಬದುಕಬಹುದು, ಯಾರಿಗೆ ಗೊತ್ತು? ಇರೋ ದಿನ ನೋಡಿದ್ದೀನಿ. ಇಲ್ಲದ ದಿನಾನೂ ಒಂದು ನೋಡಬೇಕು.’

ಇಲ್ಲದ ದಿನ ಎಂದರೆ ಮೋಡ ಮುಸುಕಿದ ದಿನ. ಅವರು ಮೋಡಕ್ಕಾಗಿ ಕಾಯತೊಡಗಿದರು. ಊರೆಲ್ಲ ಆಕಾಶ ನೋಡಿದ್ದೇ ನೋಡಿದ್ದು. ಕೊನೆಗೊಂದು ದಿನ ಬೆಳಿಗ್ಗೆಯಿಂದ ಸಂಜೆಯವರೆಗೂ ಮೋಡ ಕವಿದೇ ಇತ್ತು, ಎಲ್ಲೂ ನೆರಳಿಲ್ಲ. ನಮ್ಮವರು ಅವತ್ತು ಏನು ಮಾಡಬೇಕಿತ್ತು? ಕೆಟ್ಟೆವು, ಬದುಕು ಹೋಯಿತು ಎಂದು ತಲೆಗೆ ಕೈ ಹೊತ್ತು ಕೂರಬೇಕಿತ್ತು. ಕೂತರೇ? ಎಂದಿನ ಹಾಗೆ ಬುಟ್ಟಿ ಎತ್ತಿಕೊಂಡು, ಎಂದಿನ ಓಣಿಗಳಿಗೆ, ಎಂದಿನ ಹೊತ್ತಿಗೆ ಸಾಲಾಗಿ ಹೋಗಿ ಕೂತು, ನಗುನಗುತ್ತ ವ್ಯಾಪಾರ ಮುಗಿಸಿಕೊಂಡು ಬಂದರು! ರೂಢಿ ಎಂಬುದು ಕಾಲಿಗೆ ಹತ್ತಿಬಿಟ್ಟಿತ್ತು. ಮೋಡದ ದಿನಗಳಲ್ಲಿ ಅವರು ಮೊದಲಿಂದಲೂ ಹೀಗೇ ಮಾಡುತ್ತ ಬಂದವರು, ಯಾರೂ ಯೋಚಿಸಿದ್ದಿಲ್ಲ.

ಸಂಜೆ ವಿಜಯಸಾರಥಿಯವರು ಟೊಪ್ಪಿಗೆ ತೆಗೆದು ಪಕ್ಕಕ್ಕಿಟ್ಟರು. ‘ವ್ಯತ್ಯಾಸ ಏನೂ ಇಲ್ಲ. ಈ ಸಂತೆಗೆ ನೆರಳೇ ಬೇಕಿಲ್ಲ’ ಎಂದರು. ಅವರಿಗೂ ಬೇಸರವಾಗಿತ್ತು, ಮುಖದಲ್ಲಿ ಕಾಣುತ್ತಿತ್ತು.

ನಾನು ಬಿಡಲಿಲ್ಲ. ‘ಅಲ್ರಿ ಸರ್, ಮೋಡದ ದಿನ ಊರಿಗೂರೇ ನೆರಳಲ್ಲೇನ್ರಿ? ಬಿಸಿಲೂ ಇರಬೇಕು, ಚಿಮಣಿ ನೆರಳೂ ಇರಬಾರದು. ಅಂಥಾ ದಿನ ನೋಡಿದ್ರ ಖರೆ ಗೊತ್ತಾಗತೈತಿ.’

‘ನೀವು ಹೇಳೋದು ಸರಿ. ನಾನು ನಿಮ್ಮ ಮಾತನ್ನ ಒಪ್ತೀನಿ. ಆದರೆ ಒಪ್ಪಿದ್ದು ಬೇರೆ, ನೋಡಿದ್ದು ಬೇರೆ. ಅಂಥ ದಿನ ಎಲ್ಲಿಂದ ತರ್ತೀರಿ? ವರದಿ ಕೊಡೋಕೆ ಇನ್ನು ಹೆಚ್ಚು ದಿನ ಇಲ್ಲ.’

ಅಂಥ ದಿನವನ್ನು ತಂದುಕೊಟ್ಟವರು ಕಲ್ಮಠ ಸಾಹೇಬರೇ. ತಜ್ಞರ ಬಾಯಿಂದ ‘ನೆರಳೇ ಬೇಕಿಲ್ಲ’ ಎಂಬ ಮಾತು ಬಿತ್ತೆಂದು ಕೇಳಿ ಅವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವರದಿ ಹೇಗೂ ಬರುತ್ತದೆ, ಒಳ್ಳೆ ದಿನ ಮತ್ತೆ ಬರುವುದಿಲ್ಲವೆಂದು ಶಾಸಕರಿಗೆ ಫೋನು ಮಾಡಿ ಗುದ್ದಲಿ ಪೂಜೆ ಗೊತ್ತು ಮಾಡಿಬಿಟ್ಟರು. ಐನೋರು ಅಭಿಜಿನ್ ಮುಹೂರ್ತ ಇಟ್ಟುಕೊಟ್ಟರು, ಸರಿಯಾಗಿ ನಡುಹಗಲು. ಹಿಂದಿನ ಸಂಜೆಯೇ ಚಿಮಣಿಯ ಜಾಗದಲ್ಲಿ ದೊಡ್ಡ ಶಾಮಿಯಾನ ಎದ್ದಿತು. ಕುರ್ಚಿ ಬಂದವು, ಹಾರ ಬಂದವು, ಮೈಕು ‘ಹಲೋ ಹಲೋ’ ಎಂದಿತು. ಶಾಮಿಯಾನದ ಕಂಬ ನೆಟ್ಟ ಮೇಲೆ ಹಳೇ ನೆರಳು ಎದ್ದು ಹೋಗುತ್ತದೆಂಬುದು ಹಾಲು ಕುಡಿಯುವ ಮಗುವಿಗೂ ಗೊತ್ತು. ಸಾಹೇಬರಿಗೂ ಗೊತ್ತಿತ್ತು, ಒಂದು ದಿನದ ಮಾತಲ್ಲವೇ, ಹೇಗೂ ಹೋಗುವ ನೆರಳು ಎಂದು ಬಿಟ್ಟರು. ನನಗೆ ಮಾತ್ರ ಆ ಕಂಬಗಳನ್ನು ನೋಡಿ ಪ್ರವಾಸಿ ಮಂದಿರಕ್ಕೆ ಓಡಬೇಕೆನಿಸಿತು. ಓಡಿದೆ.

‘ಸರ್, ನಾಳೆ ಬಿಸಿಲು ಐತಿ, ನೆರಳಿಲ್ಲ’ ಎಂದೆ, ಏದುಸಿರು ಬಿಡುತ್ತ.

ಅವರು ಎದ್ದು ಬಾಟಲಿಗೆ ನೀರು ತುಂಬಿಸಿಕೊಂಡರು. ‘ಎಷ್ಟು ಹೊತ್ತಿಗೆ ಹೊರಡೋಣ?’

ಮರುದಿನ ನನಗೆ ಶಾಮಿಯಾನದ ಹತ್ತಿರ ನಿಂತು ಅತಿಥಿಗಳಿಗೆ ಹೂ ಕೊಡುವ ಕೆಲಸ ಹಚ್ಚಿದ್ದರು. ಹೂವಿನ ತಟ್ಟೆಯನ್ನು ಕುರ್ಚಿಯ ಮೇಲಿಟ್ಟು ನಾನು ವಿಜಯಸಾರಥಿಯವರ ಜೊತೆ ಹೊರಟೆ. ಕೆಲಸ ಹೋದರೆ ಹೋಗಲಿ, ಇಂಥ ದಿನ ಇನ್ನೊಂದು ಸಿಗುವುದಿಲ್ಲ. ಪಡುವಣದ ಓಣಿಯಲ್ಲಿ ಸಾಲು ಎಂದಿನ ಹಾಗೆ ಬಂದು ಕೂತಿತ್ತು, ಅದೇ ರೂಢಿ. ಹೊತ್ತು ಏರುತ್ತಿದ್ದಂತೆ ಬುಟ್ಟಿಯ ಮೇಲೆ ಹೊದಿಸಿದ ಒದ್ದೆ ಗೋಣಿ ಒಣಗಿ ಗರಿಗರಿಯಾಯಿತು. ನಮ್ಮತ್ತೆ ಸೆರಗನ್ನು ತಾನು ಹೊದೆಯದೆ ಮೆಂತ್ಯದ ಮೇಲೆ ಹೊದಿಸಿದಳು. ಮಡಕೆಯವನು ಮೊದಲು ಎದ್ದ, ಕರಿಬೇವಿನವಳು ಎದ್ದಳು. ಎರಡನೆಯ ಓಣಿಗೆ ಅರ್ಧ ಸಾಲು ಮಾತ್ರ ಹೋಯಿತು, ಮೂರನೆಯದಕ್ಕೆ ಯಾರೂ ಹೋಗಲಿಲ್ಲ. ಅಲ್ಲಿ ಬಾಗಿಲು ಬಾಗಿಲಲ್ಲಿ ಹೆಂಗಸರು ಚೀಲ ಹಿಡಿದು ನಿಂತಿದ್ದರು. ಒಬ್ಬಳು ಒಳಗೆ ಹೋಗಿ ಎಸರಿನ ಪಾತ್ರೆ ಇಳಿಸಿ ಬಂದು ಮತ್ತೆ ನಿಂತಳು. ಬದನೆಯ ಗಾಡಿಗಳು ದಾರಿ ತಪ್ಪಿದವರ ಹಾಗೆ ಬೀದಿ ಬೀದಿ ಸುತ್ತಿ, ಕೊನೆಗೆ ಬಸ್‌ ನಿಲ್ದಾಣದ ದಲ್ಲಾಳಿಯ ಮುಂದೆ ನಿಂತವು; ಅವನು ಹೇಳಿದ್ದೇ ಬೆಲೆ. ವಿಜಯಸಾರಥಿಯವರು ಪ್ರತಿ ಬಾಗಿಲ ಮುಂದೂ ನಿಂತರು, ‘ಇವತ್ತು ಅಡುಗೆ ಏನು?’ ಎಂದಷ್ಟೇ ಕೇಳಿದರು. ‘ಏನ ಮಾಡ್ಲಿರಿ, ಗಂಡಸರು ಹೊಲದಾಗ, ಸಣ್ಣ ಕೂಸು ಬಿಟ್ಟ ಎಲ್ಲಿಗಂತ ಹೋಗ್ಲಿ?’ ಎಂದಳು ಒಬ್ಬಳು.

ನಾವು ಚಿಮಣಿಯ ಜಾಗಕ್ಕೆ ಮರಳಿದಾಗ ನಡುಹಗಲು. ಶಾಸಕರು ಬಂದಿದ್ದರು, ಗುದ್ದಲಿಗೆ ಕುಂಕುಮ ಹಚ್ಚಿಟ್ಟಿದ್ದರು, ಐನೋರು ಗಡಿಯಾರ ನೋಡುತ್ತಿದ್ದರು. ಅಷ್ಟರಲ್ಲಿ ಸಂತೆಯವರು ಒಬ್ಬೊಬ್ಬರೇ ಬಂದರು. ಯಾರೂ ಕರೆದಿರಲಿಲ್ಲ, ಯಾರೂ ಹೇಳಿಕೊಟ್ಟಿರಲಿಲ್ಲ. ನಡುಹಗಲಿಗೆ ಅವರ ಕಾಲು ಅಲ್ಲಿಗೇ ಬರುತ್ತವೆ, ಅವತ್ತು ಅಲ್ಲಿ ನೆರಳೆಂದು ಇದ್ದದ್ದು ಶಾಮಿಯಾನದ್ದೇ. ಬಂದರು, ಕುರ್ಚಿಗಳನ್ನು ಪಕ್ಕಕ್ಕೆ ಸರಿಸಿ ನೆಲಕ್ಕೆ ಕೂತರು, ಬುತ್ತಿ ಬಿಚ್ಚಿದರು. ಕಲ್ಮಠ ಸಾಹೇಬರು ಓಡಿ ಬಂದರು.

‘ಏ ಏಳ್ರಿ, ಏಳ್ರಿ! ಮುಹೂರ್ತ ಹೊಂಟೈತಿ!’

‘ಕೂಡ್ರೋ ತಮ್ಮಾ’ ಎಂದಳು ನಮ್ಮತ್ತೆ. ‘ನಡಮಧ್ಯಾಹ್ನ ನೆರಳಾಗ ಕೆಲಸ ಮಾಡೂಹಂಗಿಲ್ಲ, ಯಾರ ಮನಿ ಕೆಲಸಾದರೂ ಸೈ.’ ಆಮೇಲೆ ಶಾಸಕರ ಕಡೆ ತಿರುಗಿ ರೊಟ್ಟಿ ಚಾಚಿದಳು. ‘ತಗೋ ಅಪ್ಪ. ನಿಮ್ಮವ್ವನೂ ಈ ಸಾಲಿನಾಗ ಬೆಲ್ಲ ಮಾರ್ಯಾಳ.’

ಶಾಸಕರು ಊರಿನವರು. ಗುದ್ದಲಿ ನೋಡಿದರು, ರೊಟ್ಟಿ ನೋಡಿದರು, ಹಾರ ತೆಗೆದು ಕುರ್ಚಿಯ ಮೇಲಿಟ್ಟು ಚಕ್ಕಂಬಕ್ಕಳ ಹಾಕಿ ಕೂತರು. ಅವರು ಕೂತ ಮೇಲೆ ಐನೋರು ಕೂತರು. ಐನೋರು ಕೂತ ಮೇಲೆ ಕಲ್ಮಠ ಸಾಹೇಬರು ಏನು ಮಾಡಿಯಾರು, ಮೆಹಬೂಬಿಯ ಪಕ್ಕ ಗೇಣು ಜಾಗದಲ್ಲಿ ಕೂತು ಅವಳ ಬುತ್ತಿಯಿಂದ ಒಂದು ತುತ್ತು ತಿಂದರು. ಊಟ ಮುಗಿಯುವಷ್ಟರಲ್ಲಿ ಮುಹೂರ್ತ ಮೀರಿತ್ತು. ಮುಂದಿನ ಒಳ್ಳೆ ದಿನ ಯಾವಾಗ ಎಂದು ಯಾರೂ ಕೇಳಲಿಲ್ಲ, ಐನೋರೂ ಹೇಳಲಿಲ್ಲ. ಶಾಸಕರು ಕೈ ತೊಳೆದು ‘ವರದಿ ಬರಲಿ ಮೊದಲ’ ಎಂದು ಗಾಡಿ ಹತ್ತಿದರು.

ವರದಿ ಬಂತು. ಯೋಜನೆ ಉಗ್ರಾಣದ ಹತ್ತಿರ ಗೆದ್ದಿದೆ, ವಾಡೆಯ ಹತ್ತಿರ ಅರ್ಧ ಸೋತಿದೆ, ಚಿಮಣಿಯ ಹತ್ತಿರ ಪೂರ್ತಿ ಕುರುಡಾಗಿದೆ ಎಂದು ಅದರಲ್ಲಿತ್ತು. ನಡುಹಗಲಿನಲ್ಲಿ ಕೊಟ್ಟ ದರ್ಜೆಗಳನ್ನೆಲ್ಲ ರದ್ದು ಮಾಡಬೇಕು, ಹೊತ್ತು ಹುಟ್ಟಿ ಮುಳುಗುವ ತನಕ ಇದ್ದು ನೋಡದವರು ಇನ್ನು ಮುಂದೆ ಯಾವ ನೆರಳಿಗೂ ದರ್ಜೆ ಕೊಡಬಾರದು ಎಂದಿತ್ತು. ವಾಡೆಯ ಕಟಾಂಜನಕ್ಕೆ ಬಾಗಿಲು ಬಂತು, ಮುದುಕರು ಒಳಗೆ ಹೋದರು. ವಾಣಿಜ್ಯ ಸಂಕೀರ್ಣ ಹಳೇ ಜಕಾತಿ ಕಟ್ಟೆಯ ಜಾಗಕ್ಕೆ ಹೋಯಿತು, ಅಲ್ಲಿಯ ನೆರಳನ್ನು ಕತ್ತೆಗಳೂ ಮೂಸುತ್ತಿರಲಿಲ್ಲ. ಕಲ್ಮಠ ಸಾಹೇಬರು ಆರು ತಿಂಗಳು ನನ್ನ ಜೊತೆ ಮಾತು ಬಿಟ್ಟಿದ್ದರು, ಈಗ ತಾವೇ ಬಂದು ಚೀಲ ಹಿಡಿದು ಪಲ್ಯ ತರುತ್ತಾರೆ. ನನ್ನ ಕೆಲಸ ಎಲ್ಲೂ ಹೋಗಲಿಲ್ಲ.

ಆದರೆ ವರದಿ ಹುಟ್ಟಿದ್ದು ಶಾಮಿಯಾನದಲ್ಲಿ ಅಲ್ಲ, ಪಡುವಣದ ಓಣಿಗಳಲ್ಲೂ ಅಲ್ಲ. ಅವತ್ತು ಶಾಸಕರ ಗಾಡಿ ಹೋದ ಮೇಲೆ ಸಂತೆಯವರೇ ನಿಂತು ಶಾಮಿಯಾನದ ಕಂಬ ಕಿತ್ತರು, ಮುಗಿಯುವಷ್ಟರಲ್ಲಿ ಹೊತ್ತು ಇಳಿದಿತ್ತು. ಕೊನೆಯ ಕಂಬ ಏಳುತ್ತಲೂ ನೆರಳು ಬಂದು ಬಿತ್ತು, ಸಂಜೆಯ ನೆರಳು, ಮೂಡಲ ಕಡೆಯ ಕಂಬಳಿ ಓಣಿಯವರೆಗೂ ಒಂದೇ ಸಲಕ್ಕೆ. ನನಗೆ ಅಳು ಬಂತು, ಅತ್ತುಬಿಟ್ಟೆ. ನಮ್ಮತ್ತೆ ಬಾಡಿದ ಪಲ್ಯದ ಮೇಲೆ ನೀರು ಚಿಮುಕಿಸಿ ಬುಟ್ಟಿ ಎತ್ತಿದಳು. ‘ಈ ಪಲ್ಯ ಯಾರ ತಗೋತಾರತ್ತಿ?’ ಎಂದೆ. ‘ತಗೋತಾರೋ ಬಿಡತಾರೋ. ಕಾಯಕೊಂಡ ನಿಂತಾರಲ್ಲ’ ಎಂದು ನಡೆದಳು. ವಿಜಯಸಾರಥಿಯವರೂ ನಾನೂ ಸಾಲಿನ ಹಿಂದೆ ಹೋದೆವು. ಕಂಬಳಿ ಓಣಿಯ ಹೆಂಗಸರು ನಿಜವಾಗಿಯೂ ಕಾದು ನಿಂತಿದ್ದರು, ಬಾಡಿದ್ದನ್ನೇ ತಗೊಂಡರು.

ಆ ಓಣಿಯ ಕಡೆಯ ಮನೆಯಲ್ಲಿ ತಂಗೆವ್ವ ಎಂಬಾಕೆ ಇದ್ದಾಳೆ. ಸೊಂಟದ ಕೆಳಗೆ ಸ್ವಾಧೀನ ಇಲ್ಲ, ಹಾಸಿಗೆ ಕಿಟಕಿಗೆ ಹತ್ತಿಕೊಂಡೇ ಇದೆ. ಮೆಹಬೂಬಿ ಕುಂಟುತ್ತ ಹೋಗಿ ಕಿಟಕಿಯ ಕೆಳಗೆ ಪೆಟ್ಟಿಗೆ ಇಳಿಸಿದಳು. ಒಳಗಿನಿಂದ ಸರಳುಗಳ ನಡುವೆ ಒಂದು ಕೈ ಹೊರಗೆ ಬಂತು. ಮೆಹಬೂಬಿ ಒಂದೊಂದೇ ಹಸಿರು ಬಳೆ ಏರಿಸತೊಡಗಿದಳು, ಆಕೆಯ ಅತ್ತಿಗೆ ಸೊಸೆಯರ ಸುದ್ದಿಯನ್ನೆಲ್ಲ ಹೇಳುತ್ತ.

ವಿಜಯಸಾರಥಿಯವರು ಮೆಲ್ಲಗೆ ಕೇಳಿದರು: ‘ಮೆಹಬೂಬಿ ಅವರೇ, ನಿಮಗೆ ಮಳಿಗೆ ಬೇಕು ಅಂದಿದ್ರಲ್ಲ?’

‘ಬೇಕ್ರಿ ಸಾಹೇಬ್ರ. ಈಗೂ ಬೇಕು. ನನ್ನ ಮೊಣಕಾಲ ಕೇಳ್ರಿ, ಇವತ್ತೇ ಬೇಕು ಅಂತೈತಿ.’ ಅವಳು ಕಡೆಯ ಬಳೆಯನ್ನು ಮೆತ್ತಗೆ ಒತ್ತಿ ಏರಿಸಿದಳು. ‘ಈ ಕೈ ಅಲ್ಲಿಗೆ ಬರೂದಿಲ್ಲಲ್ರಿ.’

ಬರಿಗೈಯಲ್ಲಿ ಸಾಲಿನ ತುದಿಯಲ್ಲಿ ನಿಂತಿದ್ದ ವಿಜಯಸಾರಥಿಯವರನ್ನು ತಂಗೆವ್ವ ಕಿಟಕಿಯಿಂದ ನೋಡಿ, ಹೊಸ ವ್ಯಾಪಾರಿ ಎಂದುಕೊಂಡಳು.

‘ನಿಮ್ಮದೇನ ಯಪ್ಪಾ? ಏನ ತಂದೀರಿ?’

‘ಏನೂ ತಂದಿಲ್ಲಮ್ಮ. ನೋಡೋಕೆ ಬಂದೆ.’

‘ನೋಡಾಕ ಬಂದ್ರ ಅಲ್ಯಾಕ ನಿಂತೀರಿ? ಒಳಗ ಬರ್ರಿ. ಇಲ್ಲಿಂದ ಚೊಲೊ ಕಾಣತೈತಿ.’

ಅವರು ಬಗ್ಗಿ ಒಳಗೆ ಹೋಗಿ ಆಕೆಯ ಹಾಸಿಗೆಯ ಪಕ್ಕ ಕೂತರು. ಕಿಟಕಿಯಿಂದ ನೆರಳು ನೇರವಾಗಿ, ಊರಿನ ನಡುವಿನಿಂದ ಆ ಮನೆಯ ಗೋಡೆಯವರೆಗೂ ಕಾಣುತ್ತಿತ್ತು, ಅದರ ಮೇಲೆ ಬುಟ್ಟಿ ಹೊತ್ತ ಜನ ಒಬ್ಬರ ಹಿಂದೊಬ್ಬರು ಇತ್ತಲೇ ಬರುತ್ತಿದ್ದರು. ಹೊತ್ತು ಮುಳುಗುವವರೆಗೂ ಅವರು ಅಲ್ಲಿಂದ ಏಳಲಿಲ್ಲ.